ಒಂದೂ ಹಾಡಿಲ್ಲದ 'ತರ್ಕ'

ಕೊಲೆ, ತನಿಖೆ ಅಂದ್ರೆ ನಮ್ ಕ್ಲಾಸಿನೋರೆಲ್ಲ ಮಲಯಾಳಂ ಸಿನಿಮಾನೇ ಹುಡುಕ್ತಾರೆ. ತಪ್ಪಿಲ್ಲ ಬಿಡಿ. ಕೆ.ಜಿ. ಜಾರ್ಜ್ ಅವರ 'ಯವನಿಕ' (1982) ನೋಡಿ: ನಾಟಕ ಕಂಪನಿಯ ತಬಲಾದವನು ಕಾಣೆ, ಪತ್ತೆಗೆ ಬರೋ ಪೊಲೀಸ್ ಮಮ್ಮುಟ್ಟಿ.

ಆದ್ರೆ ನಮ್ಮಲ್ಲೂ 1989ರಲ್ಲಿ 'ತರ್ಕ' ಬಂತು. ಸುನೀಲ್ ಕುಮಾರ್ ದೇಸಾಯಿ ನಿರ್ದೇಶಿಸಿದ ಮೊದಲ ಸಿನಿಮಾ. ಕ್ಯಾಸೆಟ್ ಹಾಡು ಕೇಳಿ ಜನ ಟಾಕೀಸಿಗೆ ಬರ್ತಿದ್ದ ಕಾಲದಲ್ಲಿ ಒಂದೂ ಹಾಡಿಡಲಿಲ್ಲ ಪುಣ್ಯಾತ್ಮ! ಹೀರೋ ಶಂಕರ್‌ನಾಗ್. ಮರುವರ್ಷವೇ ತಮಿಳಲ್ಲಿ 'ಪುರಿಯಾದ ಪುದಿರ್' ಆಯ್ತು, ಕೆ.ಎಸ್. ರವಿಕುಮಾರ್ ನಿರ್ದೇಶಕರಾಗಿದ್ದು ಅದರಿಂದಲೇ.

ಅದೇ 1990ರ ಸೆಪ್ಟೆಂಬರ್ 30ರಂದು ಆನಗೋಡಿನ ಹತ್ರ ಕಾರು ಅಪಘಾತದಲ್ಲಿ ಶಂಕರಣ್ಣ ತೀರಿಕೊಂಡ್ರು. ಬರೀ 35 ವರ್ಷ. ದಾವಣಗೆರೆ ಆಗಿನ್ನೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಕುದಾಪುರದಿಂದ ದುರ್ಗದ ಮೇಲೆ ದಾವಣಗೆರೆಗೆ ಹೋದ್ರೆ ಆ ಊರು ದಾರೀಲೇ ಸಿಗುತ್ತೆ.