ಬೆಂಗಳೂರು ನೀಲಿ ದ್ರಾಕ್ಷಿಯ ವೈನ್

ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಎಂಬುದು ಕರ್ನಾಟಕದ ಬೆಂಗಳೂರು, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ ಕಪ್ಪು-ನೇರಳೆ ಬಣ್ಣದ ದ್ರಾಕ್ಷಿಯಿಂದ ತಯಾರಾಗುವ ಕೆಂಪು ವೈನ್. ಇದು ಸಾಮಾನ್ಯವಾಗಿ ಸಿಹಿಯಾಗಿದ್ದು, ಅಗ್ಗದ ಬೆಲೆಗೆ ದೊರೆಯುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆಂದು ದ್ರಾಕ್ಷಿ ವೈನ್ ತಯಾರಿಸುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ಗೋವಾದಲ್ಲಿ ‘ಪೋರ್ಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಿಹಿ ವೈನಿಗೂ ಹಲವು ತಯಾರಕರು ಇದೇ ದ್ರಾಕ್ಷಿಯನ್ನು ಬಳಸುತ್ತಾರೆ.

ದ್ರಾಕ್ಷಿ ತಳಿ

ಬೆಂಗಳೂರು ನೀಲಿ ದಪ್ಪ ಸಿಪ್ಪೆಯ, ಬೀಜವಿರುವ ತಳಿ. ಇದನ್ನು ‘ಇಸಬೆಲ್ಲಾ’ ಎಂಬ ಅಮೆರಿಕನ್ ತಳಿಯೆಂದು ಗುರುತಿಸಲಾಗಿದೆ. ಇಸಬೆಲ್ಲಾ 19ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದಿತು. ಅದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯಾದ ವೈಟಿಸ್ ಲಾಬ್ರಸ್ಕಾದ ಗುಣಗಳು ಎದ್ದು ಕಾಣುತ್ತವೆ. ಹಣ್ಣನ್ನು ಹಿಸುಕಿದರೆ ತಿರುಳು ಸಿಪ್ಪೆಯಿಂದ ಸುಲಭವಾಗಿ ಜಾರಿ ಹೊರಬರುತ್ತದೆ. ಗಾಢ ಪರಿಮಳ ಮತ್ತು ಎದ್ದು ಕಾಣುವ ಹುಳಿ ಇದರ ಲಕ್ಷಣ.

ಬಳ್ಳಿಗಳನ್ನು ಕಲ್ಲುಕಂಬ ಮತ್ತು ತಂತಿಗಳ ಚಪ್ಪರದ ಮೇಲೆ ಹಬ್ಬಿಸಲಾಗುತ್ತದೆ. ಯೂರೋಪಿನ ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ರಾವಸ್ಥೆಗೆ ಹೋಗುತ್ತದೆ. ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಅಂತಹ ಚಳಿ ಇಲ್ಲ. ಆದುದರಿಂದ ಬಳ್ಳಿಯ ಬೆಳವಣಿಗೆಯನ್ನು ಬೆಳೆಗಾರರು ಚಾಟನಿಯ ಮೂಲಕ ನಿಯಂತ್ರಿಸುತ್ತಾರೆ ಮತ್ತು ವರ್ಷಕ್ಕೆ ಎರಡು ಬೆಳೆ ಪಡೆಯುತ್ತಾರೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಇದರ ಪ್ರಮುಖ ನೆಲೆಯಾದ ಚಿಕ್ಕಬಳ್ಳಾಪುರವು 2007ರವರೆಗೆ ಕೋಲಾರ ಜಿಲ್ಲೆಯ ಭಾಗವೇ ಆಗಿತ್ತು.

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರದ ಗಣಿಗಳ ಆಡಳಿತವನ್ನು ವಹಿಸಿಕೊಂಡ ಬಳಿಕ ಬ್ರಿಟಿಷ್ ಎಂಜಿನಿಯರುಗಳು ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳು ಇಲ್ಲಿ ನೆಲೆಸಿದವು. ಗಣಿಯ ಆಳದಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳು ಮತ್ತು ತೆಲುಗು ಮಾತನಾಡುವ ಕಾರ್ಮಿಕರು. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರಿನಿಂದ ‘ಬೌರಿಂಗ್‌ಪೇಟೆ’ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯು, ಬೆಂಗಳೂರು-ಜೋಲಾರ್‌ಪೇಟೆ ಮಾರ್ಗದಿಂದ ಗಣಿಗಳ ಕಡೆಗೆ ಹೋಗುವ ರೈಲು ಕವಲೊಡೆಯುವ ನಿಲ್ದಾಣವಾಯಿತು. ಈ ಕವಲು ಮಾರ್ಗ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ.

ಗಣಿ ಬಡಾವಣೆಗಳ ಮನೆಗಳಲ್ಲಿ ಕ್ರಿಸ್‌ಮಸ್ ಸಿದ್ಧತೆ ವಾರಗಳ ಮೊದಲೇ ಆರಂಭವಾಗುತ್ತಿತ್ತು. ಪ್ಲಮ್ ಕೇಕ್, ಕಲ್‌ಕಲ್ ಹಾಗೂ ರೋಸ್ ಕುಕಿಗಳ ಜೊತೆಗೆ ದ್ರಾಕ್ಷಿ ವೈನ್ ಮತ್ತು ಶುಂಠಿ ವೈನ್ ಅತಿಥಿ ಸತ್ಕಾರದ ಅಂಗಗಳಾಗಿದ್ದವು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಲೇಖಕಿ ಬ್ರಿಜೆಟ್ ವೈಟ್-ಕುಮಾರ್ ಅವರು ಈ ಪ್ರದೇಶದ ನೆನಪುಗಳನ್ನೂ ಆಂಗ್ಲೋ-ಇಂಡಿಯನ್ ಅಡುಗೆಯನ್ನೂ ಪುಸ್ತಕಗಳಲ್ಲಿ ದಾಖಲಿಸಿದ್ದಾರೆ.

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಗಣಿಗಾರಿಕೆಯನ್ನು ನಿಲ್ಲಿಸಿತು. ಸ್ವಾತಂತ್ರ್ಯಾನಂತರ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡ್ ಮತ್ತು ಕೆನಡಾಗಳಿಗೆ ವಲಸೆ ಹೋಗಿದ್ದವು. ಉಳಿದವರಲ್ಲಿ ಹಲವರು ಗಣಿ ಮುಚ್ಚಿದ ಬಳಿಕ ಉದ್ಯೋಗ ಅರಸಿ ಬೆಂಗಳೂರಿಗೆ ಹೋದರು. ಮನೆಯ ಹಿರಿಯರಿಂದ ಕಿರಿಯರಿಗೆ ಬರುತ್ತಿದ್ದ ವೈನ್ ತಯಾರಿಕೆಯ ತಿಳಿವಳಿಕೆಯೂ ಅವರೊಂದಿಗೆ ಚದುರಿತು.

ಮನೆಯಲ್ಲಿ ತಯಾರಿಸುವ ವಿಧಾನ

ಕಳಿತ ದ್ರಾಕ್ಷಿಯನ್ನು ತೊಳೆದು, ತೇವ ಆರಿಸಿ, ಪಿಂಗಾಣಿ ಜಾಡಿಯಲ್ಲಿ ಹಿಚುಕಲಾಗುತ್ತದೆ. ಅದಕ್ಕೆ ಸಕ್ಕರೆ, ಕುದಿಸಿ ಆರಿಸಿದ ನೀರು ಮತ್ತು ಸ್ವಲ್ಪ ಯೀಸ್ಟ್ ಸೇರಿಸಿ ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟುತ್ತಾರೆ. ಕೆಲವರು ಒಂದು ಹಿಡಿ ಗೋಧಿಯನ್ನೂ ಹಾಕುತ್ತಾರೆ. ಮಿಶ್ರಣವನ್ನು ದಿನವೂ ಮರದ ಸೌಟಿನಿಂದ ಕಲಕಿ, ಸುಮಾರು ಮೂರು ವಾರಗಳ ನಂತರ ಸೋಸಿ, ತಿಳಿಯಾಗಲು ಬಿಟ್ಟು ಸೀಸೆಗಳಿಗೆ ತುಂಬಲಾಗುತ್ತದೆ. ಬಣ್ಣ ಗಾಢವಾಗಲು ಸುಟ್ಟ ಸಕ್ಕರೆಯ ಪಾಕವನ್ನು ಬೆರೆಸುವುದೂ ಉಂಟು.

ಹುದುಗುವಾಗ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗುತ್ತದೆ. ಹುದುಗುವಿಕೆ ಪೂರ್ಣಗೊಳ್ಳುವ ಮೊದಲೇ ಸೀಸೆಗೆ ಬಿಗಿಯಾಗಿ ಬಿರಡೆ ಹಾಕಿದರೆ ಒತ್ತಡ ಹೆಚ್ಚಿ ಸೀಸೆ ಸಿಡಿಯಬಹುದು. ಹುದುಗಿದ ಬಳಿಕ ಗಾಳಿಗೆ ತೆರೆದಿಟ್ಟರೆ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸಿ ವೈನನ್ನು ಹುಳಿಸುತ್ತವೆ.

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹೀಗಾಗಿ ಹಬ್ಬದ ಆಚರಣೆಯೆಂದು ರೂಢಿಯಲ್ಲಿ ಬಂದಿರುವ ಈ ಪದ್ಧತಿಯು ಕಾನೂನಿನ ದೃಷ್ಟಿಯಲ್ಲಿ ಪರವಾನಗಿಯ ವ್ಯಾಪ್ತಿಗೆ ಸೇರುತ್ತದೆ.

ಸಿಹಿ ವೈನ್ ಮತ್ತು ಒಣ ವೈನ್

ದ್ರಾಕ್ಷಿಯ ಸಕ್ಕರೆಯೆಲ್ಲವೂ ಬಹುಮಟ್ಟಿಗೆ ಮದ್ಯಸಾರವಾಗಿ ಮಾರ್ಪಟ್ಟ ವೈನನ್ನು ‘ಒಣ ವೈನ್’ ಅಥವಾ ‘ಡ್ರೈ ವೈನ್’ ಎನ್ನುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದಿರುವುದಿಲ್ಲ. ಶೇಕಡಾ 1ರಷ್ಟು ಮದ್ಯಸಾರ ಉಂಟಾಗಲು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಬೇಕು. ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್ ಮೊದಲಾದ ಯೂರೋಪಿಯನ್ ತಳಿಗಳಿಗೆ ಹೋಲಿಸಿದರೆ ಬೆಂಗಳೂರು ನೀಲಿಯಲ್ಲಿ ಸಕ್ಕರೆ ಕಡಿಮೆ, ಹುಳಿ ಹೆಚ್ಚು. ಅದನ್ನು ಹಾಗೆಯೇ ಸಂಪೂರ್ಣವಾಗಿ ಹುದುಗಿಸಿದರೆ ತೆಳುವಾದ, ಹುಳಿಯಾದ ಪಾನೀಯ ದೊರೆಯುತ್ತದೆ. ಈ ಹುಳಿಯನ್ನು ಸರಿದೂಗಿಸಲು ಸಕ್ಕರೆ ಸೇರಿಸುವುದರಿಂದ ಇದರ ವೈನ್ ಹೆಚ್ಚಾಗಿ ಸಿಹಿಯಾಗಿಯೇ ತಯಾರಾಗುತ್ತದೆ.

ಪೋರ್ಚುಗಲ್‌ನ ಸಂಬಂಧ

ಪೋರ್ಚುಗಲ್‌ನ ಮೂಲ ಪೋರ್ಟ್ ವೈನ್ ದೌರೋ ನದಿಯ ಕಣಿವೆಯಲ್ಲಿ ತಯಾರಾಗುತ್ತದೆ. ಹುದುಗುವಿಕೆಯ ನಡುವೆಯೇ ದ್ರಾಕ್ಷಿಯ ಮದ್ಯಸಾರ ಬೆರೆಸುವುದರಿಂದ ಯೀಸ್ಟ್ ಕೆಲಸ ನಿಲ್ಲಿಸಿ, ಹಣ್ಣಿನದೇ ಸಿಹಿ ಉಳಿಯುತ್ತದೆ. ಗೋವಾದ ಅಗ್ಗದ ‘ಪೋರ್ಟ್’ ಈ ಹೆಸರನ್ನು ಮಾತ್ರ ಪಡೆದಿದೆ. ದ್ರಾಕ್ಷಿ ಹಾಗೂ ತಯಾರಿಕೆಯ ಕ್ರಮ ಎರಡೂ ಬೇರೆ.

ಪೋರ್ಚುಗಲ್‌ನ ಸುಲಭ ಬೆಲೆಯ ಒಣ ಕೆಂಪು ವೈನ್‌ಗಳಲ್ಲಿ ‘ಪೆರಿಕೀಟಾ’ ಹೆಸರಾಂತದ್ದು. 1834ರಲ್ಲಿ ಸ್ಥಾಪನೆಯಾದ ಜೋಸೆ ಮರಿಯಾ ದ ಫೊನ್ಸೆಕಾ ಸಂಸ್ಥೆಯು ಇದನ್ನು ಸೆತೂಬಲ್ ಪ್ರದೇಶದಲ್ಲಿ ಮುಖ್ಯವಾಗಿ ಕಾಸ್ಟೆಲಾವ್ ಎಂಬ ಸ್ಥಳೀಯ ತಳಿಯಿಂದ ತಯಾರಿಸುತ್ತದೆ. ಈ ದೇಶದ ಅಟ್ಲಾಂಟಿಕ್ ದ್ವೀಪಗಳಾದ ಅಸೋರ್ಸ್‌ನಲ್ಲಿ ಇಸಬೆಲ್ಲಾ ದ್ರಾಕ್ಷಿಯಿಂದಲೇ ತಯಾರಾಗುವ ‘ವಿನ್ಯು ದಿ ಶೈರು’, ಅಂದರೆ ‘ಪರಿಮಳದ ವೈನ್’, ಜನಸಾಮಾನ್ಯರ ಪಾನೀಯವಾಗಿದೆ. 19ನೇ ಶತಮಾನದಲ್ಲಿ ಬೂದಿರೋಗ ಮತ್ತು ಫಿಲೊಕ್ಸೆರಾ ಕೀಟ ಯೂರೋಪಿಯನ್ ತಳಿಗಳನ್ನು ನಾಶಮಾಡಿದಾಗ, ರೋಗನಿರೋಧಕ ಶಕ್ತಿಯ ಇಸಬೆಲ್ಲಾ ಅಲ್ಲಿ ಬೇರೂರಿತು. ಹೀಗೆ ಕೋಲಾರ ಸೀಮೆಯ ದ್ರಾಕ್ಷಿ ವೈನಿಗೆ ಹತ್ತಿರದ ಪೋರ್ಚುಗೀಸ್ ಬಂಧುವೆಂದರೆ ಪೋರ್ಟ್ ಅಲ್ಲ, ಅಸೋರ್ಸ್‌ನ ಈ ವೈನ್.

ಉದ್ಯಮ ಮತ್ತು ಸವಾಲುಗಳು

ಕನ್ವಲ್ ಗ್ರೋವರ್ ಅವರು 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ತೋಟ ಆರಂಭಿಸಿದ ಮೇಲೆ ಈ ಸೀಮೆಯಲ್ಲಿ ಒಣ ಕೆಂಪು ವೈನಿನ ಉತ್ಪಾದನೆ ನೆಲೆಗೊಂಡಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದು, ಉದ್ಯಮದ ಉತ್ತೇಜನಕ್ಕಾಗಿ ಮಂಡಳಿಯೊಂದನ್ನು ರಚಿಸಿತು.

ಬೆಂಗಳೂರು ನೀಲಿಯ ಬೆಳೆಗಾರರು ತಾಜಾ ಹಣ್ಣು ಮತ್ತು ರಸದ ಮಾರುಕಟ್ಟೆಯನ್ನೂ ಅವಲಂಬಿಸಿದ್ದಾರೆ. ಕೊಯ್ದ ಹಣ್ಣು ಬೇಗ ಕೆಡುವುದರಿಂದ ಬೆಲೆ ಕುಸಿದಾಗ ಕಾಯುವ ಅವಕಾಶ ಅವರಿಗಿರುವುದಿಲ್ಲ. ಆಗ ವೈನ್ ಮತ್ತು ರಸದ ಘಟಕಗಳ ಬೇಡಿಕೆಯೇ ಆಸರೆ. ಬೆಂಗಳೂರಿನ ವಿಸ್ತರಣೆಯಿಂದ ತೋಟದ ಭೂಮಿ ಬಡಾವಣೆಗಳಾಗಿ ಮಾರ್ಪಡುತ್ತಿರುವುದು ಮತ್ತು ನಿತ್ಯ ಹರಿಯುವ ನದಿಗಳಿಲ್ಲದ ಕೋಲಾರ ಸೀಮೆಯಲ್ಲಿ ಕೊಳವೆ ಬಾವಿಗಳು ಆಳಕ್ಕಿಳಿಯುತ್ತಿರುವುದು ಈ ಬೆಳೆಯ ಮುಂದಿರುವ ಪ್ರಮುಖ ಸವಾಲುಗಳು. ಭೌಗೋಳಿಕ ಸೂಚಿಯು ತಳಿಯ ಹೆಸರನ್ನು ರಕ್ಷಿಸುತ್ತದೆಯಾದರೂ ಬೆಳೆಗೆ ಬೇಕಾದ ನೆಲ, ನೀರುಗಳಿಗೆ ಅದರಿಂದ ರಕ್ಷಣೆ ದೊರೆಯುವುದಿಲ್ಲ.