ಹೆಸರು ಅಡಿಕೆ, ಹರವು ಇಡೀ ತೋಟ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಗಳಿಗೆ ದಿನಪತ್ರಿಕೆ ಬಂದರೆ ಮುಖಪುಟದ ಸುದ್ದಿ ಸ್ವಲ್ಪ ಹೊತ್ತು ಕಾಯಬೇಕು. ಹಿರಿಯರ ಕಣ್ಣು ಮೊದಲು ಹುಡುಕುವುದು ಒಳಪುಟದ ಮೂಲೆಯಲ್ಲಿರುವ ಮಾರುಕಟ್ಟೆ ಧಾರಣೆಯನ್ನು. ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಾಲಿ, ಕೋಕಾ. ಹೊರಗಿನವರಿಗೆ ಒಗಟಿನಂತೆ ಕಾಣುವ ಈ ಹೆಸರುಗಳ ಎದುರಿನ ಅಂಕಿಗಳಲ್ಲಿ ಆ ಮನೆಯ ಮದುವೆ, ಮಕ್ಕಳ ಓದು, ಸೊಸೈಟಿಯ ಸಾಲ ಎಲ್ಲವೂ ಅಡಗಿವೆ. ಒಂದು ಬೆಳೆಯನ್ನು ನಂಬಿದ ನಾಡಿನಲ್ಲಿ ಇದು ಸಹಜವೇ. ಅಂಥ ಬೆಳೆಗೆಂದೇ ಮೀಸಲಾದ ಒಂದು ಪತ್ರಿಕೆ ಹುಟ್ಟಿದರೆ ಅದರಲ್ಲಿ ಏನಿರಬೇಕು? ಧಾರಣೆ, ರೋಗ, ಔಷಧ, ಗೊಬ್ಬರ ಇಷ್ಟಿದ್ದರೆ ಸಾಕೆಂದು ಯಾರಾದರೂ ಹೇಳಿಯಾರು.

1988ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಎಂಬ ಮಾಸಿಕ ಇಷ್ಟಕ್ಕೇ ನಿಲ್ಲಲಿಲ್ಲ. ಅಡಿಕೆಯ ಹೆಸರು ಹೊತ್ತೇ ಅದು ಮಳೆನೀರಿನ ಬಗ್ಗೆ ಬರೆಯಿತು, ಹಲಸಿನ ಬಗ್ಗೆ ಬರೆಯಿತು, ಬಾಳೆಕಾಯಿಯ ಹುಡಿಯ ಬಗ್ಗೆಯೂ ಬರೆಯಿತು. ಹೆಸರು ಮಾತ್ರ ಅದೇ ಉಳಿಯಿತು. ಸಣ್ಣದೊಂದು ಓದುಗ ಬಳಗಕ್ಕೆಂದು ಹುಟ್ಟಿದ ಪತ್ರಿಕೆ ತನ್ನ ಬೇಲಿಯನ್ನು ತಾನೇ ದಾಟಿದ್ದು ಏಕೆ, ಹೇಗೆ ಎಂಬುದು ಪತ್ರಿಕೋದ್ಯಮದ ಕುತೂಹಲವಷ್ಟೇ ಆಗಿ ಉಳಿದಿಲ್ಲ. ಘಟ್ಟದ ಮೇಲಿನ ಈ ಮೂರು ತಾಲೂಕುಗಳು ಇಂದು ಎದುರಿಸುತ್ತಿರುವ ಪ್ರಶ್ನೆಗೂ ಅದರಲ್ಲಿ ಒಂದು ಉತ್ತರದ ಎಳೆ ಇದೆ.

ಮೊದಲು ಮಾರುಕಟ್ಟೆ, ಆಮೇಲೆ ಮಾತು

ಅಡಿಕೆ ಹೊಟ್ಟೆ ತುಂಬಿಸುವ ಬೆಳೆಯಲ್ಲ. ಭತ್ತ ಬೆಳೆದವನು ಬೆಲೆ ಬಿದ್ದರೆ ಉಂಡಾದರೂ ಮುಗಿಸಬಹುದು. ಅಡಿಕೆ ಬೆಳೆದವನು ಮಾರಲೇಬೇಕು. ಆದ್ದರಿಂದ ಬೆಳೆಗಾರರ ಮೊದಲ ಸಂಘಟನೆಗಳೆಲ್ಲ ಮಾರಾಟದ ಸುತ್ತ ಹುಟ್ಟಿದವು. ಶಿರಸಿಯಲ್ಲಿ 1923ರಲ್ಲೇ ಕಡವೆ ಶ್ರೀಪಾದ ಹೆಗಡೆಯವರ ಮುಂದಾಳತ್ವದಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಟಿ.ಎಸ್.ಎಸ್. ಅಡಿಕೆಯನ್ನು ಯಾರಿಗೆ, ಯಾವ ಬೆಲೆಗೆ ಕೊಡಬೇಕೆಂಬ ವಿಷಯದಲ್ಲಿ ಬೆಳೆಗಾರನಿಗೆ ಒಂದು ಆಸರೆ ಸಿಕ್ಕಿದ್ದು ಇಂಥ ಸಂಘಗಳಿಂದ.

ಅರ್ಧ ಶತಮಾನದ ನಂತರ, 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲಕಚ್ಚಿತು. ಆ ಏಟಿನ ಫಲವಾಗಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಟ್ಟಾಗಿ 1973ರ ಜುಲೈನಲ್ಲಿ ಮಂಗಳೂರಿನಲ್ಲಿ ‘ಕ್ಯಾಂಪ್ಕೊ’ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಗಮನಿಸಬೇಕಾದ ಸಂಗತಿ ಎಂದರೆ, ಅಡಿಕೆಗೆಂದೇ ಹುಟ್ಟಿದ ಕ್ಯಾಂಪ್ಕೊ ಕೂಡ ಅಡಿಕೆಯಲ್ಲೇ ನಿಲ್ಲಲಿಲ್ಲ. ತೋಟದ ನೆರಳಿನಲ್ಲಿ ಬೆಳೆದ ಕೊಕ್ಕೊಗೆ ಕೊಳ್ಳುವವರಿಲ್ಲದಾದಾಗ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಮಾರುಕಟ್ಟೆಯ ವ್ಯವಸ್ಥೆ ಒಂದು ಹದಕ್ಕೆ ಬಂದರೂ ಕೊರತೆಯೊಂದು ಉಳಿದಿತ್ತು. ತೋಟ ತೋಟಗಳ ನಡುವೆ ಮಾತು ಇರಲಿಲ್ಲ. ಮಳೆಗಾಲದ ಕೊಳೆರೋಗದ ಉದಾಹರಣೆ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ ಅಡಿಕೆ ನಾಡಿನ ಮಳೆಗಾಲದ ವಾಡಿಕೆಯಾದದ್ದು ಅಲ್ಲಿಂದೀಚೆಗೆ. ಅದಕ್ಕೂ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವ ಉಪಾಯವನ್ನು ತೋಟಿಗರೇ ಕಂಡುಕೊಂಡಿದ್ದರು. ವಿಜ್ಞಾನಿಯ ಅರಿವು ವರದಿಯಾಗಿ ಉಳಿಯಿತು. ತೋಟಿಗನ ಅರಿವನ್ನು ಬರೆದಿಡುವವರು ಇರಲಿಲ್ಲ. ಒಂದು ಕಣಿವೆಯಲ್ಲಿ ಯಾರೋ ಕಂಡುಕೊಂಡ ಉಪಾಯ ಪಕ್ಕದ ಕಣಿವೆಗೆ ತಲುಪಲು ಮದುವೆಯ ಚಪ್ಪರವೋ ತಿಥಿಯ ಊಟವೋ ಬೇಕಾಗುತ್ತಿತ್ತು.

ಈ ಕೊರತೆ ಕಂಡವರು ಕಾಸರಗೋಡಿನ ಗಡಿಯ ಪಡ್ರೆ ಎಂಬ ಹಳ್ಳಿಯ ಕನ್ನಡಿಗ, ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಗೇರುತೋಟಗಳ ಮೇಲೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನಿನ ದುಷ್ಪರಿಣಾಮವನ್ನು ಮೊದಲಾಗಿ ಬರೆದು ಹೊರಗೆಡಹಿದವರಲ್ಲಿ ಅವರೂ ಒಬ್ಬರು. ಅಡಿಕೆ ಬೆಳೆಗಾರರ ಸಂಘಟನೆಯ ಆಸರೆಯಲ್ಲಿ, ಅವರ ಮತ್ತು ಗೆಳೆಯರ ದುಡಿಮೆಯಿಂದ ‘ಅಡಿಕೆ ಪತ್ರಿಕೆ’ ಹೊರಬಂತು. ಮುಂದೆ ಫಾರ್ಮರ್ ಫಸ್ಟ್ ಟ್ರಸ್ಟ್ ಅದರ ಹೊಣೆ ಹೊತ್ತಿತು. ‘ಕೃಷಿಕರ ಕೈಗೆ ಲೇಖನಿ’ ಎಂಬುದು ಪತ್ರಿಕೆಯ ಧ್ಯೇಯ. ಬರೆಯುವವರು ತೋಟದವರೇ ಆಗಬೇಕು. ಮಾಡಿ ನೋಡಿದ್ದನ್ನು ಬರೆಯಬೇಕು. ಓದಿದವನು ಸಂಶಯ ಬಂದರೆ ನೇರ ಆ ಕೃಷಿಕನನ್ನೇ ಕೇಳುವಂತಿರಬೇಕು. ಬರೆದು ಅಭ್ಯಾಸವಿಲ್ಲದ ಕೈಗಳಿಗೆ ಬರವಣಿಗೆ ಕಲಿಸುವ ಶಿಬಿರಗಳೂ ನಡೆದವು. ಇದೇ ವಿಚಾರದ ಮುಂದುವರಿಕೆಯಾಗಿ 2000ದಲ್ಲಿ ಧಾರವಾಡದಲ್ಲಿ ಕೃಷಿ ಮಾಧ್ಯಮ ಕೇಂದ್ರ ಆರಂಭವಾಯಿತು.

ಬೇಲಿ ದಾಟಿದ ಬಗೆ

ಲೇಖನಿಯನ್ನು ಕೃಷಿಕರ ಕೈಗೆ ಕೊಟ್ಟ ಮೇಲೆ ಅವರು ಏನು ಬರೆಯುತ್ತಾರೆಂಬುದು ಸಂಪಾದಕರ ಹಿಡಿತದಲ್ಲಷ್ಟೇ ಇರುವುದಿಲ್ಲ. ತೋಟಿಗನ ದಿನಚರಿಯಲ್ಲಿ ಅಡಿಕೆ ಒಂದು ಪಾಲು ಮಾತ್ರ. ಬೇಸಿಗೆಯಲ್ಲಿ ಬಾವಿ ಬತ್ತುವುದು, ಹಾಳೆ ಕೊಳೆತು ಹೋಗುವುದು, ಹಲಸು ಮರದಡಿ ಬಿದ್ದು ನೊಣ ಮುತ್ತುವುದು, ಕೊಯ್ಲಿಗೆ ಜನ ಸಿಗದಿರುವುದು, ಮಕ್ಕಳು ಊರು ಬಿಡುವುದು ಎಲ್ಲವೂ ಅವನ ಸಮಸ್ಯೆಗಳೇ. ಹೀಗಾಗಿ ಪತ್ರಿಕೆ ಹರಡಿಕೊಂಡದ್ದು ಓದುಗರ ಹಿತ್ತಲಿನ ಜಾಡು ಹಿಡಿದು.

ಮೊದಲು ಬಂದದ್ದು ನೀರು. ‘ನೆಲ ಜಲ ಉಳಿಸಿ’ ಎಂಬ ತಲೆಬರಹದಡಿ ಮಳೆನೀರು ಇಂಗಿಸುವ ಪ್ರಯತ್ನಗಳ ವರದಿಗಳು ವರ್ಷಗಟ್ಟಲೆ ಪ್ರಕಟವಾದವು. ಧಾರಾಕಾರ ಮಳೆ ಸುರಿಯುವ ಪಶ್ಚಿಮ ಘಟ್ಟದ ಸೆರಗಿನಲ್ಲಿ ನೀರಿನ ಬರ ಎಂದರೆ ನಗುವವರಿದ್ದ ಕಾಲ ಅದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗ, ತೊರೆಗೆ ಅಡ್ಡ ಹಾಕುವ ಕಟ್ಟ, ಗುಡ್ಡದ ನೆತ್ತಿಯ ಮದಕ ಮುಂತಾಗಿ ಹಿರಿಯರು ಮಾಡಿಟ್ಟಿದ್ದ ವ್ಯವಸ್ಥೆಗಳ ಕಡೆ ಜನರ ಗಮನ ಮತ್ತೆ ಹೊರಳಲು ಈ ಬರಹಗಳು ಕಾರಣವಾದವು.

ನಂತರ ಬಂದದ್ದು ಹಲಸು. ಎಕರೆಗಟ್ಟಲೆ ನೆಟ್ಟು ಬೆಳೆಸಬೇಕಾಗಿಲ್ಲದ, ಗೊಬ್ಬರ ಔಷಧಿ ಕೇಳದ, ಆದರೂ ಮನೆ ಮನೆಯಲ್ಲಿ ಕೊಳೆತು ಹೋಗುತ್ತಿದ್ದ ಹಣ್ಣು ಅದು. ಪತ್ರಿಕೆ ಒಂದರ ಮೇಲೊಂದು ಮುಖಪುಟ ಲೇಖನಗಳಲ್ಲಿ ಹಲಸಿನ ತಳಿ, ಕಸಿ, ಒಣಗಿಸುವ ವಿಧಾನ, ಹೊರದೇಶಗಳಲ್ಲಿ ಅದರಿಂದ ಮಾಡುವ ತಿನಿಸು ಎಲ್ಲವನ್ನೂ ಪರಿಚಯಿಸಿತು. ಹಲಸಿನ ಮೇಳಗಳು ಊರೂರಲ್ಲಿ ನಡೆಯತೊಡಗಿದವು. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಅದಕ್ಕೆ ಕಾರಣಗಳು ಹಲವು. ಆದರೆ ಹಲಸಿಗೆ ಮರ್ಯಾದೆ ತಂದವರ ಪಟ್ಟಿಯಲ್ಲಿ ಅಡಿಕೆಯ ಹೆಸರಿನ ಈ ಕನ್ನಡ ಪತ್ರಿಕೆಯೂ ಸೇರುತ್ತದೆ.

2021ರಲ್ಲಿ ಬಾಳೆಯ ಸರದಿ. ಬಾಳೆಕಾಯಿಯ ಬೆಲೆ ಕುಸಿದಿದ್ದಾಗ ಅದನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡಿ ಅಡುಗೆಗೆ ಬಳಸುವ ಪ್ರಯೋಗಕ್ಕೆ ‘ಬಾಕಾಹು’ ಎಂಬ ಚುಟುಕು ಹೆಸರು ಬಂತು. ‘ಬಾಳೆಕಾಯಿ ಹುಡಿ’ ಎಂಬುದರ ಮೊದಲಕ್ಷರಗಳು. ತುಮಕೂರು, ಉತ್ತರ ಕನ್ನಡ ಮೊದಲಾದ ಕಡೆಗಳ ಗೃಹಿಣಿಯರು ಇದರಲ್ಲಿ ಮುಂದಾದರು. ತೋಟದ ಲೆಕ್ಕಪತ್ರದಲ್ಲಿ ಹೆಸರೇ ಇಲ್ಲದ ಹೆಂಗಸರ ಕೆಲಸ ಹೀಗೆ ಕೃಷಿ ಸುದ್ದಿಯಾಗಿ ಮೂಡಿತು.

ಪತ್ರಿಕೆಗಳ ಚರಿತ್ರೆಯಲ್ಲಿ ಇಂಥ ವಿಸ್ತರಣೆ ಹೊಸದೇನಲ್ಲ. ‘ಅಡಿಕೆ ಪತ್ರಿಕೆ’ಗಿಂತ ಸರಿಯಾಗಿ ನೂರು ವರ್ಷ ಮೊದಲು, 1888ರಲ್ಲಿ, ಅಮೆರಿಕದ ವಾಷಿಂಗ್ಟನ್ನಿನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಹುಟ್ಟಿದಾಗ ಅದು ಭೂಗೋಳ ವಿದ್ವಾಂಸರು ತಮ್ಮೊಳಗೆ ಓದಿಕೊಳ್ಳುವ ನೀರಸ ನಿಯತಕಾಲಿಕವಾಗಿತ್ತು. 1905ರ ಜನವರಿ ಸಂಚಿಕೆಯಲ್ಲಿ ಟಿಬೆಟ್ಟಿನ ಲಾಸಾ ನಗರದ ಚಿತ್ರಗಳನ್ನು ಹನ್ನೊಂದು ಪುಟ ತುಂಬ ಹಾಕಿದ್ದೇ ಅದರ ದಿಕ್ಕು ಬದಲಿಸಿತು. ಆ ಪತ್ರಿಕೆ ಹೊಸ ಓದುಗರನ್ನು ಹುಡುಕಿಕೊಂಡು ಹೊರಟಿತು. ಪುತ್ತೂರಿನ ಪತ್ರಿಕೆ ಇದ್ದ ಓದುಗರನ್ನೇ ಇನ್ನಷ್ಟು ಹತ್ತಿರದಿಂದ ನೋಡಿತು. ಎರಡರ ನಡುವಿನ ಈ ವ್ಯತ್ಯಾಸ ಮುಖ್ಯವಾದುದು.

ತೋಟದಲ್ಲಿ ಅಡಿಕೆ ಒಂಟಿಯಾಗಿರಲಿಲ್ಲ

ಈಗ ಕರಾವಳಿಯಿಂದ ಘಟ್ಟ ಹತ್ತೋಣ. ಪುತ್ತೂರಿನ ಪತ್ರಿಕೆ ಕಾಗದದ ಮೇಲೆ ಮಾಡಿದ ಕೆಲಸವನ್ನು ಶಿರಸಿ ಸೀಮೆಯ ಹಳೆಯ ತೋಟಗಳು ನೆಲದ ಮೇಲೆ ಮಾಡಿ ತೋರಿಸಿದ್ದವು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕನನ್ ಯಲ್ಲಾಪುರ, ಸೋಂದೆ, ಶಿರಸಿಗಳ ಕಣಿವೆಯ ತೋಟಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಅಡಿಕೆಯ ಜೊತೆಗೆ ಕಾಳುಮೆಣಸು, ವೀಳ್ಯದೆಲೆ, ಏಲಕ್ಕಿ, ಬಾಳೆ ಅವನಿಗೆ ಕಂಡವು. ಅಡಿಕೆಯ ಕಾಂಡಕ್ಕೆ ಮೆಣಸಿನ ಬಳ್ಳಿ, ಅದರ ನೆರಳಿಗೆ ಏಲಕ್ಕಿ, ಸಂದಿಯಲ್ಲಿ ಬಾಳೆ. ಒಂದರ ಬೆಲೆ ಬಿದ್ದರೆ ಇನ್ನೊಂದು ಕೈಹಿಡಿಯುತ್ತಿತ್ತು.

ತೋಟದ ಗಡಿ ಅಗಳಿನಲ್ಲಿ ಮುಗಿಯುತ್ತಲೂ ಇರಲಿಲ್ಲ. ಅದರ ಮೇಲ್ಭಾಗಕ್ಕೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷ್ ಆಡಳಿತ ಘಟ್ಟದ ಮೇಲಿನ ಭಾಗದಲ್ಲಿ ಒಪ್ಪಿಕೊಂಡಿತ್ತು. ಸೊಪ್ಪು, ದರಕು, ಸೌದೆ, ಕಣಿವೆಗೆ ಜಿನುಗುವ ನೀರು ಎಲ್ಲಕ್ಕೂ ಬೆಟ್ಟವೇ ಮೂಲ. ಹಳ್ಳದ ಬದಿಯ ಅಪ್ಪೆಮರದ ಮಿಡಿ ಉಪ್ಪಿನಕಾಯಿಯ ಭರಣಿಗೆ ಬರುತ್ತಿತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತು ‘ಅಪ್ಪಿಕೋ’ ಚಳವಳಿ ಆರಂಭಿಸಿದ್ದರ ಹಿಂದೆ ಈ ಅರಿವೂ ಇತ್ತು. ಕಾಡು ಹೋದರೆ ಹಳ್ಳ ಹೋಗುತ್ತದೆ, ಹಳ್ಳ ಹೋದರೆ ತೋಟವೂ ಉಳಿಯುವುದಿಲ್ಲ.

ಅಡಿಕೆಯ ಪತ್ರಿಕೆ ನೀರು, ಹಲಸು, ಬಾಳೆಗಳ ಬಗ್ಗೆ ಬರೆದದ್ದನ್ನು ದಾರಿ ತಪ್ಪಿದ್ದೆಂದು ಹಳೆಯ ತೋಟ ಬಲ್ಲವರು ಹೇಳಲಾರರು. ಹೆಸರು ಒಂದರದ್ದು, ಬದುಕು ಹಲವುಗಳದ್ದು. ಶಿರಸಿ ಸೀಮೆಯ ತೋಟದ ವ್ಯಾಕರಣವೇ ಅದು.

ಗದ್ದೆ ತೋಟವಾಗುವಾಗ

ಈ ವ್ಯಾಕರಣವನ್ನು ನಾವು ಮರೆಯುತ್ತಿದ್ದೇವೆಯೇ? 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಅಡಿಕೆಗೆ ತನ್ನದೇ ರುಚಿ, ಬಣ್ಣ, ಗುಣಗಳಿವೆ ಎಂಬುದಕ್ಕೆ ದೊರೆತ ಮುದ್ರೆ ಅದು. ಹೆಮ್ಮೆಯ ಸಂಗತಿಯೇ. ಆದರೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ಭತ್ತದ ಗದ್ದೆಗೆ ಅಡಿಕೆ ಸಸಿ ಇಳಿಯಿತು. ಬಯಲುಸೀಮೆಯ ನೀರಾವರಿ ಜಮೀನಿಗೂ ಅಡಿಕೆ ಹಬ್ಬಿತು. ಕೊನೆ ಕೊಯ್ಯುವ ಕೊನೆಗೌಡರು ಸಿಗುವುದು ದುರ್ಲಭವಾಯಿತು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳನ್ನು ಕಂಗೆಡಿಸಿದೆ. ಎಲ್ಲಕ್ಕಿಂತ ಕಠಿಣವಾದ ಮಾತು ಹೊರಗಿನಿಂದ ಬಂದಿದೆ: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತನ್ನ 2004ರ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ವಾದ ಏನೇ ಇರಲಿ, ಒಂದೇ ಕಾಂಡಕ್ಕೆ ಇಡೀ ಸಂಸಾರವನ್ನು ಕಟ್ಟಿ ಹಾಕುವುದು ಎಷ್ಟು ಅಪಾಯದ್ದೆಂದು ತಿಳಿಯಲು ಆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಒಂದು ಬೆಳೆಯ ಹೆಸರಿನ ಪತ್ರಿಕೆಗೆ ಎರಡು ದಾರಿಗಳಿರುತ್ತವೆ. ಬೆಳೆಯ ವಕೀಲನಾಗಿ ಅದರ ಪರವಾಗಿಯೇ ಮಾತನಾಡುತ್ತಿರುವುದು ಒಂದು. ಬೆಳೆಗಾರನ ಗೆಳೆಯನಾಗಿ, ಬೇಕಾದಾಗ ಬೇರೆ ಬೆಳೆಯ ಮಾತನ್ನೂ ಅವನ ಕಿವಿಗೆ ಹಾಕುವುದು ಇನ್ನೊಂದು. ಪುತ್ತೂರಿನ ಮಾಸಿಕ ಎರಡನೆಯ ದಾರಿ ಹಿಡಿದು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದುಬಂತು. ಸರ್ಕಾರಿ ಇಲಾಖೆಗಳು, ಸಹಕಾರಿ ಸಂಘಗಳು, ಮನೆಯ ಹಿರಿಯರು ಎಲ್ಲರಿಗೂ ಇರುವ ಆಯ್ಕೆ ಇದೇ.

ನಾಳೆ ಬೆಳಿಗ್ಗೆಯೂ ಪತ್ರಿಕೆ ಬರುತ್ತದೆ, ಹಿರಿಯರ ಕಣ್ಣು ಧಾರಣೆಯ ಮೂಲೆಗೇ ಹೋಗುತ್ತದೆ. ಹೋಗಲಿ, ತಪ್ಪಿಲ್ಲ. ರಾಶಿಗೆ ಎಷ್ಟು, ಚಾಲಿಗೆ ಎಷ್ಟು ಎಂದು ನೋಡಿ ಮಡಿಸಿಟ್ಟ ಮೇಲೆ, ಒಮ್ಮೆ ಎದ್ದು ತೋಟದ ಅಂಚಿನವರೆಗೆ ನಡೆದು, ಬೆಟ್ಟದ ಕಡೆ ತಲೆಯೆತ್ತಿ ನೋಡಿದರೆ ಸಾಕು. ಧಾರಣೆಯ ಪಟ್ಟಿಯಲ್ಲಿ ಹೆಸರಿಲ್ಲದ ಎಷ್ಟೊಂದು ಸಂಪತ್ತು ಅಲ್ಲಿ ಇನ್ನೂ ಉಳಿದಿದೆ!