ಒಂದು ಪತ್ರ, ಎರಡು ಅಂಚೆ

ನಮ್ಮ ಕಕ್ಕೇರಾದಿಂದ ಹುಣಸಗಿ ದಾಟಿ ತಾಳಿಕೋಟೆಗೆ ಹೋಗೋದು ಇವತ್ತು ದೊಡ್ಡ ಮಾತಲ್ಲ. ಆ ಕಡೆ ಈ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಬೀಗರೂ ಅವರೇ. ಆದರೆ ನೂರು ವರ್ಷದ ಹಿಂದೆ ಈ ದಾರಿಯ ನಡುವೆ ಒಂದು ಗಡಿ ಇತ್ತು. ಕಕ್ಕೇರಾ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ತಾಳಿಕೋಟೆ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಎರಡೂ ಕಡೆ ಬೇರೆ ಬೇರೆ ಅಂಚೆ. ನಿಜಾಮರ ಸ್ಟಾಂಪ್ ಅಂಟಿಸಿದ ಪತ್ರ ಸುರಪುರ, ಗುಲಬರ್ಗಾ, ಬೀದರ್, ಅಷ್ಟು ದೂರದ ಔರಂಗಾಬಾದಿಗೂ ಹೋಗುತ್ತಿತ್ತು. ಪಕ್ಕದ ತಾಳಿಕೋಟೆಗೆ? ಅಲ್ಲಿ ಆ ಸ್ಟಾಂಪಿಗೆ ಬೆಲೆಯೇ ಇಲ್ಲ. ಬ್ರಿಟಿಷ್ ಇಂಡಿಯಾದ ಸ್ಟಾಂಪೇ ಬೇಕು.

ಇದನ್ನು ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಬೆಂಗಳೂರಿನ ನನ್ನ ಆಫೀಸಿನಲ್ಲಿ ಕೆಲವು ವಾರಗಳಿಂದ ಒಂದೇ ಚರ್ಚೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲೇ ಇರೋದಾ, ಮೈಕ್ರೋಸಾಫ್ಟ್ 365ಕ್ಕೆ ಹೋಗೋದಾ, ಜೋಹೋ ನೋಡೋದಾ? ಮೀಟಿಂಗಿನಲ್ಲಿ ಒಬ್ಬರು ತಲೆಗೆಷ್ಟು ದುಡ್ಡು ಅಂತಾರೆ, ಇನ್ನೊಬ್ಬರು ಸ್ಟೋರೇಜ್ ಎಷ್ಟು ಅಂತಾರೆ. ಗಡಿ ದಾಟುವ ಪತ್ರದ ಬಗ್ಗೆ ಮಾತ್ರ ಯಾರೂ ಕೇಳಲ್ಲ. ನನಗೋ ನಮ್ಮೂರಿನ ಚರಿತ್ರೆಯಲ್ಲಿ ಅದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತೆ.

ಸುರಪುರ ಸೀಮೆಯ ಜನ ನಿಜಾಮರ ಅಂಚೆಯನ್ನು ಆರಿಸಿಕೊಂಡವರಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟ ಸೋತ ಮೇಲೆ ಸುರಪುರ ಬ್ರಿಟಿಷರ ಕೈಸೇರಿತು. 1857ರಲ್ಲಿ ತಮ್ಮ ಪರ ನಿಂತದ್ದಕ್ಕೆ ಅವರು 1860ರಲ್ಲಿ ಅದನ್ನು ನಿಜಾಮರಿಗೆ ಕೊಟ್ಟುಬಿಟ್ಟರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಎರಡೇ ವರ್ಷದಲ್ಲಿ ಎರಡು ಸಲ ಅಡ್ಮಿನ್ ಬದಲಾದರು, ಬಳಕೆದಾರರನ್ನು ಯಾರೂ ಕೇಳಲಿಲ್ಲ. 1869ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನದೇ ಸ್ಟಾಂಪ್ ತಂದಿತು. ಇನ್ನೊಂದು ಕಡೆ ಸಿಕಂದರಾಬಾದಿನ ದಂಡಿನಂಥ ಜಾಗಗಳಲ್ಲಿ, ಸಂಸ್ಥಾನದ ಒಳಗೇ, ಬ್ರಿಟಿಷ್ ಅಂಚೆಯೂ ನಡೆಯುತ್ತಿತ್ತು. 1871ರಲ್ಲಿ ಮುಂಬೈ–ಮದ್ರಾಸ್ ರೈಲು ಹಳಿ ರಾಯಚೂರಿನಲ್ಲಿ ಕೂಡಿದ ಮೇಲೆ ಮುಂಬೈ ಹತ್ತಿರವಾಯಿತು. ಸ್ಟಾಂಪಿನ ಗಡಿ ಮಾತ್ರ ಹಾಗೇ ಉಳಿಯಿತು.

ನಿಜಾಮರ ಸರ್ಕಾರ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ನಮ್ಮ ಕಾಗದಪತ್ರ ನಮ್ಮ ಕೈಯಲ್ಲೇ ಇರಲಿ, ಅಂಚೆಯ ಹಣ ನಮ್ಮ ಖಜಾನೆಗೇ ಬರಲಿ ಅನ್ನುವ ವಾದಕ್ಕೆ ಆಗಲೂ ತೂಕವಿತ್ತು, ಈಗಲೂ ಇದೆ. ಡೇಟಾ ನಮ್ಮ ದೇಶದಲ್ಲೇ ಇರಬೇಕು ಅನ್ನೋರು ಹೇಳೋದೂ ಅದನ್ನೇ ಅಲ್ವಾ?

ಬೇರೆ ದಾರಿಗಳೂ ಇದ್ದವು. ಮೈಸೂರು ಸಂಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ತನ್ನ ಅಂಚೆಯನ್ನು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ವಿಲೀನ ಮಾಡಿತು. ಹೆಮ್ಮೆ ಹೋಯಿತು, ಪತ್ರಕ್ಕೆ ದಾರಿ ತೆರೆಯಿತು. ಗ್ವಾಲಿಯರ್ ನಡುವಿನ ದಾರಿ ಹಿಡಿಯಿತು. 1885ರಿಂದ ಬ್ರಿಟಿಷ್ ಇಂಡಿಯಾದ ಸ್ಟಾಂಪಿನ ಮೇಲೇ ತನ್ನ ಹೆಸರು ಅಚ್ಚು ಹಾಕಿಸಿತು. ಸ್ಟಾಂಪಿನ ಮೇಲೆ ತನ್ನ ಹೆಸರು, ಪತ್ರಕ್ಕೆ ಇಡೀ ಬ್ರಿಟಿಷ್ ಇಂಡಿಯಾದ ದಾರಿ. ಅಷ್ಟರಲ್ಲಿ ಜಗತ್ತೇ ಆ ಕಡೆ ಹೊರಟಿತ್ತು. 1874ರಲ್ಲಿ ಬರ್ನ್ ನಗರದಲ್ಲಿ 22 ದೇಶಗಳು ಸೇರಿ, ಅಂಚೆಯ ಮಟ್ಟಿಗೆ ನಾವೆಲ್ಲ ಒಂದೇ ಪ್ರದೇಶ ಅಂತ ಒಪ್ಪಂದ ಮಾಡಿಕೊಂಡಿದ್ದವು. ನಿಜಾಮರ ಅಂಚೆ ಮಾತ್ರ 1950ರ ಏಪ್ರಿಲ್ 1ರಂದು ಭಾರತದ ಅಂಚೆಯೊಳಗೆ ಸೇರುವವರೆಗೂ ಬೇರೆಯಾಗಿಯೇ ಇತ್ತು. ಅಲ್ಲಿಯ ತನಕ ಮುಂಬೈಗೋ ಸೊಲ್ಲಾಪುರಕ್ಕೋ ದುಡಿಯಲು ಹೋದ ಮಗನಿಗೆ ನಮ್ಮ ಸೀಮೆಯ ತಾಯಿ ಬರೆಸಿದ ಪತ್ರಕ್ಕೆ ಊರಿನ ಸ್ಟಾಂಪ್ ಸಾಲುತ್ತಿರಲಿಲ್ಲ.

ಈಗ ನಮ್ಮ ಪರದೆಗೆ ಬನ್ನಿ. ಇಮೇಲ್ ಬರ್ನ್ ಒಪ್ಪಂದದ ಮಗು. 1982ರಲ್ಲಿ ಎಸ್‌ಎಂಟಿಪಿ ಅನ್ನುವ ಸಾಮಾನ್ಯ ನಿಯಮ ಬಂದ ಮೇಲೆ ಯಾರ ಸರ್ವರಿನಿಂದಲೂ ಯಾರ ಸರ್ವರಿಗೂ ಪತ್ರ ಹೋಗಬಹುದು. ಜೋಹೋದವರು ಜಿಮೇಲಿನವರಿಗೆ ಬರೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಆಫೀಸ್ ಚಾಟ್ ಇನ್ನೂ ನಿಜಾಮರ ಕಾಲದಲ್ಲಿದೆ ಕಣ್ರೀ. ಸ್ಲ್ಯಾಕ್‌ನಲ್ಲಿರುವ ನಾನು ಟೀಮ್ಸ್‌ನಲ್ಲಿರುವ ಗ್ರಾಹಕರಿಗೆ ಸುಮ್ಮನೆ ಒಂದು ಮೆಸೇಜ್ ಕಳಿಸೋಕಾಗಲ್ಲ. ಅವರು ನನ್ನನ್ನು ಅತಿಥಿ ಮಾಡಿಕೊಳ್ಳಬೇಕು, ಇಲ್ಲವೇ ಮಧ್ಯೆ ಇನ್ನೊಂದು ತಂತ್ರಾಂಶ ಕೂರಿಸಬೇಕು. ಅಂಚೆಯೇ ಮುಚ್ಚಿಹೋದರಂತೂ ಕೇಳಬೇಡಿ. ಹಿಪ್‌ಚಾಟ್ 2019ರ ಫೆಬ್ರವರಿಯಲ್ಲಿ ನಿಂತಾಗ ಅದನ್ನೇ ನಂಬಿದ್ದ ಕಂಪನಿಗಳು ಹಳೆಯ ಮಾತುಕತೆಯ ಗಂಟು ಕಟ್ಟಿಕೊಂಡು ಬೇರೆ ಮನೆ ಹುಡುಕಬೇಕಾಯಿತು.

ಹಾಗಾಗಿ ಯಾವುದು ಒಳ್ಳೇದು ಅಂತ ಕೇಳಿದವರಿಗೆ ನಾನು ಬ್ರ್ಯಾಂಡ್ ಹೇಳಲ್ಲ, ಮೂರು ಪ್ರಶ್ನೆ ಕೊಡ್ತೀನಿ. ಹೊರಗಿನವರ ಜೊತೆ ನಡೆಯುವ ಮುಖ್ಯ ಮಾತು ಇಮೇಲಿನಲ್ಲಿದೆಯಾ, ಚಾಟಿನಲ್ಲಿ ಹೂತುಹೋಗಿದೆಯಾ? ಹಳೆಯ ಪತ್ರ, ಕಡತಗಳನ್ನೆಲ್ಲ ನಾಳೆ ಇಳಿಸಿಕೊಂಡು ಹೊರಡಬಹುದಾ? ವಿಳಾಸದಲ್ಲಿ ಅಟ್ ಚಿಹ್ನೆ ಆದಮೇಲೆ ಬರುವ ಹೆಸರು ನಿಮ್ಮದಾ, ಅವರದಾ? ಮೂರನೆಯದೇ ಗ್ವಾಲಿಯರ್ ದಾರಿ. ಡೊಮೇನ್ ನಿಮ್ಮದಾಗಿದ್ದರೆ ಅದರ ಎಂಎಕ್ಸ್ ದಾಖಲೆ ಬದಲಿಸಿದರೆ ಸಾಕು, ಹೊಸ ಪತ್ರಗಳು ಹೊಸ ಮನೆಗೆ ಬರುತ್ತವೆ, ವಿಳಾಸ ಹಳೆಯದೇ ಇರುತ್ತೆ.

ಬೆಲೆ ಪಟ್ಟಿ ಮುಂದಿನ ವರ್ಷ ಬದಲಾಗುತ್ತೆ, ಕಂಪನಿಗಳು ಕೈ ಬದಲಾಗುತ್ತವೆ. 1858 ಮತ್ತು 1860ರಲ್ಲಿ ಸುರಪುರದವರಿಗೆ ಆರಿಸುವ ಅವಕಾಶ ಇರಲಿಲ್ಲ. ನಮಗಿದೆ, ಸಹಿ ಹಾಕುವ ಮೊದಲು.